ಅಂಟುವಾಳದ ನೊರೆ, ಅವರೆಯ ಸೊಗಡು

ಅಗ್ಗಕ್ಕೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ನಾನು ಯಾವ ವಸ್ತುವನ್ನೂ ಕೊಳ್ಳುವುದಿಲ್ಲ. ಹಳೆಯದೊಂದನ್ನು ಕೈಗೆತ್ತಿಕೊಂಡಾಗ ನನ್ನನ್ನು ನಾನು ಕೇಳಿಕೊಳ್ಳುವುದೇ ಬೇರೆ: ಇದನ್ನು ತೊಳೆದು, ಉಜ್ಜಿ, ಹೊಲಿದು ಮತ್ತೆ ಬಳಕೆಗೆ ತರಲು ನನ್ನಿಂದ ಆಗುತ್ತದೆಯೇ? ಆಗುತ್ತದೆ ಅನ್ನಿಸಿದರೆ ಅದು ಮನೆಗೆ ಬರುತ್ತದೆ. ಇಲ್ಲವಾದರೆ ಪುಕ್ಕಟೆ ಕೊಟ್ಟರೂ ಬೇಡ. ಸೀರೆಗೂ ಇದೇ ನಿಯಮ, ದೋಸೆ ಕಾವಲಿಗೂ ಇದೇ. ಬೆಂಗಳೂರಿನಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಗ್ಯಾಸ್ ಸಿಲಿಂಡರು ಎಲ್ಲ ಕಳೆದು ಉಳಿಯುವ ಹಣದಲ್ಲಿ ಚೆನ್ನಾಗಿ ಉಟ್ಟು, ಉಂಡು, ತಲೆ ಬಾಚಿ ಹೂ ಮುಡಿಯಲು ನಾನು ಕಂಡುಕೊಂಡ ದಾರಿ ಇದು. ಮಿತವ್ಯಯವೆಂದರೆ ಹೊಟ್ಟೆಬಟ್ಟೆ ಕಟ್ಟುವುದು ಎಂದು ತಿಳಿದವರು ಒಂದು ಭಾನುವಾರ ನನ್ನ ಜೊತೆ ಪೇಟೆಗೆ ಬರಬೇಕು.

ಆ ದಿನ ಚಿಕ್ಕಪೇಟೆಯ ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಸಂಡೆ ಬಜಾರ್ ನೆರೆಯುವುದು ಆಗಲೇ. ಟಾರ್ಪಾಲು ಹಾಸಿ, ಅದರ ಮೇಲೆ ಬಟ್ಟೆ, ಪಾತ್ರೆ, ಗಡಿಯಾರ, ಚಪ್ಪಲಿ, ಬೀಗ, ಸ್ಪ್ಯಾನರು ಎಲ್ಲವನ್ನೂ ಸುರಿದಿರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಇದರಿಂದ ನನಗಾದ ದೊಡ್ಡ ಅನುಕೂಲವೆಂದರೆ, ಬರಿಗೈಯಲ್ಲಿ ಮರಳಿದರೂ ಬೇಸರವಾಗುವುದಿಲ್ಲ. ಇಷ್ಟು ದೂರ ದುಡ್ಡು ಕೊಟ್ಟು ಬಂದಿದ್ದೇನಲ್ಲ ಎಂದು ಬೇಡದ್ದನ್ನು ಕಟ್ಟಿಸಿಕೊಳ್ಳುವ ಪ್ರಮೇಯವೇ ಇಲ್ಲ. ಜೂನ್ ತಿಂಗಳಾದರೆ ಹಾಗೆಯೇ ಅವೆನ್ಯೂ ರಸ್ತೆಗೆ ನಡೆದುಹೋಗಿ ಮಕ್ಕಳ ಪಠ್ಯಪುಸ್ತಕಗಳನ್ನೂ ಹಳೆಯದರಲ್ಲೇ ಹುಡುಕುತ್ತೇನೆ. ಹಿಂದಿನ ವಿದ್ಯಾರ್ಥಿ ಪೆನ್ಸಿಲಿನಲ್ಲಿ ಗೆರೆ ಎಳೆದ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೆಯದು, ಮುಖ್ಯವಾದದ್ದು ಯಾವುದೆಂದು ಗುರುತು ಮಾಡಿಯೇ ಇರುತ್ತದೆ.

ಬಟ್ಟೆಯ ರಾಶಿಯಲ್ಲಿ ಹೆಚ್ಚಾಗಿ ಇರುವುದು ಅಂಗಿ, ಪ್ಯಾಂಟು, ಹೊದಿಕೆ, ಪರದೆ. ರೇಷ್ಮೆ ಸಿಗುವುದು ಅಪರೂಪ. ಸಿಕ್ಕಿದರೆ ಮೊದಲು ಬಣ್ಣ, ಅಂಚು ನೋಡಬಾರದು, ಮಡಿಕೆ ನೋಡಬೇಕು. ವರ್ಷಗಟ್ಟಲೆ ಬೀರುವಿನಲ್ಲಿ ಒಂದೇ ಮಡಿಕೆಯಲ್ಲಿ ಕುಳಿತ ರೇಷ್ಮೆ ಆ ಗೆರೆಯ ಉದ್ದಕ್ಕೂ ಬಿರಿಯುತ್ತದೆ. ಸೀರೆಯನ್ನು ಬಿಡಿಸಿ ಬಿಸಿಲಿಗೆ ಎದುರಾಗಿ ಹಿಡಿದರೆ ಎಳೆ ಸವೆದ ಕಡೆ ಬೆಳಕು ಸಣ್ಣ ಸಣ್ಣ ಚುಕ್ಕಿಯಾಗಿ ತೂರಿ ಬರುತ್ತದೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿದಾಗ ಚರ್ ಎಂದರೆ ಅಲ್ಲೇ ಇಟ್ಟುಬಿಡಿ, ಅಂಥ ಸೀರೆಯನ್ನು ರಫು ಮಾಡುವವರೂ ಉಳಿಸಲಾರರು. ಫಾಲ್ಸ್ ಕಿತ್ತುಬಂದಿದ್ದರೆ, ಅಂಚಿನಲ್ಲಿ ಒಂದಿಷ್ಟು ಹರಿದಿದ್ದರೆ, ಅರಿಸಿನದ ಕಲೆಯಿದ್ದರೆ ಚಿಂತೆಯಿಲ್ಲ. ಫಾಲ್ಸ್ ಮತ್ತೆ ಹಚ್ಚಬಹುದು, ಕಲೆ ನೆರಿಗೆಯೊಳಗೆ ಹೋಗುವಂತೆ ಉಡಬಹುದು.

ನಿಜವಾದ ರೇಷ್ಮೆಯೋ ಅಲ್ಲವೋ ಎಂಬುದನ್ನು ಬೆಂಕಿ ಹೇಳುತ್ತದೆ. ಒಮ್ಮೆ ಎಲೆಹಸಿರು ಮೈಯ, ಸಾಸಿವೆ ಬಣ್ಣದ ಅಂಚಿನ ಸೀರೆಯೊಂದು ಕಣ್ಣಿಗೆ ಬಿತ್ತು. “ಅಪ್ಪಟ ರೇಷ್ಮೆ ಅಕ್ಕ, ಕಣ್ಣುಮುಚ್ಚಿ ತೆಗೆದುಕೊಳ್ಳಿ” ಎಂದರು ಮಾರುವವರು.

“ಹಾಗಾದರೆ ಸೆರಗಿನ ಕುಚ್ಚಿನಿಂದ ಒಂದು ಎಳೆ ಕೊಡಿ ಅಣ್ಣ, ಸುಟ್ಟು ನೋಡುತ್ತೇನೆ” ಎಂದೆ.

ಅವರೇ ಎಳೆ ಕಿತ್ತು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದರು. ಎಳೆ ಸುರುಟಿಕೊಂಡು ಉರಿಯಿತು, ಕೂದಲು ಸುಟ್ಟ ವಾಸನೆ ಬಂತು, ಕಡ್ಡಿ ಸರಿಸಿದೊಡನೆ ಆರಿತು. ತುದಿಯಲ್ಲಿ ಉಳಿದ ಕರಿ ಬೆರಳಿನಲ್ಲಿ ಹೊಸಕಿದರೆ ಪುಡಿಪುಡಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ, ಒಡೆಯಲಾಗದ ಗಟ್ಟಿ ಮಣಿಯಾಗಿ ಉಳಿಯುತ್ತಿತ್ತು. ಅವರು ಹೇಳಿದ್ದು ನಿಜವಾದ್ದರಿಂದ ನಾನೂ ಹೆಚ್ಚು ಚೌಕಾಸಿ ಮಾಡಲಿಲ್ಲ. ಇದೇ ರಾಶಿಗಳಲ್ಲಿ ‘ಮೈಸೂರು ಸಿಲ್ಕ್’ ಎಂದು ಕೂಗಿ ಮಾರುವುದೂ ಉಂಟು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯನ್ನು ಈಗ ನಡೆಸುತ್ತಿರುವುದು ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ). ಅದು ಈಚೆಗೆ ಮಾರುತ್ತಿರುವ ಸೀರೆಗಳಲ್ಲಿ ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆ ಇರುತ್ತದೆ. ಹೆಸರಿಗೆ ಹೆಚ್ಚು ಬೆಲೆ ಕೇಳಿದರೆ ಆ ಸಂಖ್ಯೆ ತೋರಿಸಿ ಎನ್ನಿ.

ಎಳೆ ಸುಟ್ಟಾಗ ಕೂದಲಿನ ವಾಸನೆ ಬಂದದ್ದು ಸುಮ್ಮನೆ ಅಲ್ಲ. ರೇಷ್ಮೆಯೂ ಕೂದಲೂ ಪ್ರೋಟೀನಿನಿಂದಲೇ ಆದವು. ರೇಷ್ಮೆಯದು ಫೈಬ್ರೊಯಿನ್, ಕೂದಲಿನದು ಕೆರಟಿನ್. ಎರಡಕ್ಕೂ ಕ್ಷಾರ ಒಗ್ಗುವುದಿಲ್ಲ. ಬಟ್ಟೆ ಸೋಪಿನಲ್ಲಿ ಒಗೆದರೆ ರೇಷ್ಮೆಯ ಹೊಳಪು ಹೋಗುತ್ತದೆ, ಅದೇ ಸೋಪನ್ನು ತಲೆಗೆ ಹಾಕಿದರೆ ಕೂದಲು ಒರಟಾಗಿ ಗಂಟುಕಟ್ಟುತ್ತದೆ. ಅಂಟುವಾಳದ ನೀರಾದರೋ ತುಸು ಹುಳಿಯ ಕಡೆಗಿರುತ್ತದೆ, ಅದರಲ್ಲಿರುವ ಸಪೋನಿನ್ ಎಣ್ಣೆ ಜಿಡ್ಡನ್ನು ಮೆಲ್ಲಗೆ ಬಿಡಿಸುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಪೇಟೆಯಿಂದ ತಂದ ಸೀರೆಗೂ ನನ್ನ ತಲೆಗೂ ಒಂದೇ ಪಾತ್ರೆಯ ನೀರು.

ಗ್ರಂದಿಗೆ ಅಂಗಡಿಯಲ್ಲಿ ಅಂಟುವಾಳ ಸಿಗುತ್ತದೆ. ಜಜ್ಜಿ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಅದೇ ನೀರಿನಲ್ಲಿ ಸ್ವಲ್ಪ ಕುದಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಬೇಕು. ಶಾಂಪೂವಿನಷ್ಟು ನೊರೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸೀರೆಗಾದರೆ ಈ ನೀರನ್ನು ಬಕೆಟ್ಟಿನ ತಣ್ಣೀರಿಗೆ ಬೆರೆಸಿ, ಸೀರೆಯನ್ನು ಅದ್ದಿ ಅದ್ದಿ ತೆಗೆಯಬೇಕು. ಉಜ್ಜಬಾರದು, ಹಿಂಡಲೂಬಾರದು. ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಬಿಡುತ್ತದೆ. ಆಮೇಲೆ ನೆರಳಿನಲ್ಲಿ ಹರವಿ ಒಣಗಿಸಿ. ಬಣ್ಣ ಬಿಡುತ್ತದೆಯೋ ಎಂದು ಮೊದಲು ಒಳಸೆರಗಿನ ಮೂಲೆಯನ್ನು ಒದ್ದೆ ಮಾಡಿ ಬಿಳಿಬಟ್ಟೆಗೆ ಒತ್ತಿ ನೋಡುವುದನ್ನು ಮಾತ್ರ ಮರೆಯಬೇಡಿ. ಮಿಕ್ಕ ನೀರಿಗೆ ಸೀಗೆಪುಡಿ ಕಲಸಿ ನಾನು ತಲೆಗೆ ಎರೆದುಕೊಳ್ಳುತ್ತೇನೆ. ಕಣ್ಣಿಗೆ ಬಿದ್ದರೆ ವಿಪರೀತ ಉರಿ, ಆದ್ದರಿಂದ ತಲೆ ಹಿಂದಕ್ಕೆ ಬಾಗಿಸಿಯೇ ಎರೆದುಕೊಳ್ಳಬೇಕು. ಕುಂಡದ ದಾಸವಾಳದಿಂದ ಒಂದು ಹಿಡಿ ಎಲೆ ಕಿತ್ತು ನೀರಿನಲ್ಲಿ ಕಿವುಚಿದರೆ ಬರುವ ಲೋಳೆಯನ್ನು ಕೊನೆಗೆ ಹಚ್ಚಿ ತೊಳೆದರೆ ಸಿಕ್ಕು ತಾನಾಗಿ ಬಿಡುತ್ತದೆ.

ಎರೆದುಕೊಳ್ಳುವ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲ ಕೂದಲಿನ ಒಳಗೇ ಇಳಿಯುವುದರಿಂದ ತೊಳೆಯುವಾಗ ಪ್ರೋಟೀನು ಕಡಿಮೆ ಕಳೆದುಹೋಗುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆಂಗಳೂರಿನ ಎಲ್ಲರ ಮನೆಯಲ್ಲೂ ಎಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದು ಸಹಜ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ಇಟ್ಟರಾಯಿತು.

ಬ್ಯೂಟಿ ಪಾರ್ಲರಿಗೆ ನಾನು ಹೋಗುವುದಿಲ್ಲವೆಂದಲ್ಲ, ಮದುವೆ ಮುಂಜಿಗೆ ಹೋಗುತ್ತೇನೆ. ದಿನನಿತ್ಯಕ್ಕೆ ನನಗೆ ಇಷ್ಟವಾದದ್ದು ನಾಲ್ಕು ಕಾಲಿನ ಜಡೆ. ಕೂದಲನ್ನು ನಾಲ್ಕು ಭಾಗ ಮಾಡಿ, ಬಲತುದಿಯ ಕಾಲನ್ನು ಪಕ್ಕದ್ದರ ಮೇಲೆ, ಅದರಾಚೆಯದರ ಕೆಳಗೆ, ಕೊನೆಯದರ ಮೇಲೆ ಹಾಯಿಸಿ. ಈಗ ಬಲತುದಿಗೆ ಬಂದ ಕಾಲಿನಿಂದ ಮತ್ತೆ ಅದೇ ಕ್ರಮ. ಹೆಣೆದ ಚಾಪೆಯ ಹಾಗೆ ಚಪ್ಪಟೆಯಾಗಿ, ಅಗಲವಾಗಿ ಇಳಿಯುತ್ತದೆ, ತೆಳುಗೂದಲೂ ದಟ್ಟವಾಗಿ ಕಾಣುತ್ತದೆ. ತುದಿಗೆ ಕಟ್ಟಲು ರಬ್ಬರ್ ಬ್ಯಾಂಡನ್ನು ಹಾಗೇ ಬಳಸಿದರೆ ಕೂದಲು ಕತ್ತರಿಸುತ್ತದೆ. ಉಡಲಾಗದಷ್ಟು ಜೀರ್ಣವಾದ ರೇಷ್ಮೆ ಸೀರೆಯಲ್ಲೂ ಗಟ್ಟಿಯಾದ ಜಾಗ ಗೇಣಗಲವಾದರೂ ಇದ್ದೇ ಇರುತ್ತದೆ. ಅದರಿಂದ ಪಟ್ಟಿ ಕತ್ತರಿಸಿ, ಕೊಳವೆಯಾಗಿ ಹೊಲಿದು, ಒಳಗೆ ಎಲಾಸ್ಟಿಕ್ ತೂರಿಸಿ ಎರಡು ತುದಿ ಕೂಡಿಸುತ್ತೇನೆ. ರೇಷ್ಮೆ ಜಾರುವುದರಿಂದ ಕೂದಲು ಸಿಕ್ಕಿಕೊಳ್ಳುವುದಿಲ್ಲ. ದೊಡ್ಡ ತುಂಡು ಸಿಕ್ಕರೆ ದಿಂಬಿನ ಚೀಲ. ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ಕಟ್ಟಿಕೊಂಡು ಹೋಗುವುದು ನಾನು ಹೊಲಿದುಕೊಟ್ಟದ್ದನ್ನೇ. ಅವಳ ಗೆಳತಿಯರೂ ಕೇಳಿದ್ದಾರಂತೆ, ನನಗೆ ಹಿಗ್ಗು.

ಹೂವಿಗೆ ನಾನು ಲೆಕ್ಕ ನೋಡುತ್ತೇನೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಅಂದರೆ ಕೈ ಯಾರದು ಎಂಬುದರ ಮೇಲೆ ಮಾಲೆಯ ಉದ್ದ. ಕೆ.ಆರ್. ಮಾರುಕಟ್ಟೆಯಲ್ಲಿ ಬಿಡಿ ಮೊಗ್ಗನ್ನು ತೂಕಕ್ಕೆ ತಂದು, ನೆನೆಸಿದ ಬಾಳೆನಾರಿನಲ್ಲಿ ನಾನೇ ಕಟ್ಟಿಕೊಂಡರೆ ಅದೇ ದುಡ್ಡಿಗೆ ಮನೆಯವರೆಲ್ಲರ ಜಡೆಗೂ ದೇವರ ಪಟಕ್ಕೂ ಆಗುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾತ್ರ ಆ ಕಡೆ ಸುಳಿಯುವುದಿಲ್ಲ. ಅಂದು ಮಲ್ಲಿಗೆ, ಕನಕಾಂಬರದ ಬೆಲೆ ಮುಟ್ಟುವ ಹಾಗಿರುವುದಿಲ್ಲ, ನಮ್ಮ ಕುಂಡದ ದಾಸವಾಳವೇ ಸಾಕು.

ಇನ್ನು ಅಡುಗೆಮನೆ. ಹಳೆಯ ಪಾತ್ರೆಗಳಲ್ಲಿ ನಾನ್‌ಸ್ಟಿಕ್ ಬಾಣಲೆಯನ್ನೂ ಪ್ರೆಷರ್ ಕುಕ್ಕರನ್ನೂ ನಾನು ಮುಟ್ಟುವುದಿಲ್ಲ. ಗೀರುಬಿದ್ದ ಲೇಪನವನ್ನು ಮನೆಯಲ್ಲಿ ಸರಿಮಾಡಲಾಗದು, ಕುಕ್ಕರಿನ ಸುರಕ್ಷತಾ ವಾಲ್ವು ಎಷ್ಟು ಸವೆದಿದೆಯೆಂದು ಕಣ್ಣಿಗೆ ಕಾಣದು. ಹಿತ್ತಾಳೆಯನ್ನು ಕೊಂಡರೆ ಕಲಾಯಿ ಹಾಕಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಬರುತ್ತದೆ.

ಬೀಡುಕಬ್ಬಿಣದ ಕಾವಲಿಯಾದರೆ ಬಿಡುವುದೇ ಇಲ್ಲ. ತುಕ್ಕು ಹಿಡಿದಿದೆ ಎಂದು ಜನ ಅದನ್ನು ಮಾರಿಬಿಡುತ್ತಾರೆ, ತುಕ್ಕು ಮೇಲುಮೇಲಿನದು. ನೋಡಬೇಕಾದ್ದು ಬಿರುಕು. ಕಾವಲಿಯ ಅಂಚನ್ನು ಎರಡು ಬೆರಳಿನಲ್ಲಿ ತೂಗುಹಾಕಿ ಗೆಣ್ಣಿನಿಂದ ತಟ್ಟಿದಾಗ ಠಣ್ ಎಂದು ಸ್ವರ ಉಳಿದರೆ ಸರಿ, ಬೊದ್ದೆಂದು ನಿಂತರೆ ಎಲ್ಲೋ ಸೀಳಿದೆ. ಬೀಡಿಗೆ ಬೆಸುಗೆ ಸುಲಭವಾಗಿ ಕೂರುವುದಿಲ್ಲ. ಸಮವಾದ ನೆಲದ ಮೇಲಿಟ್ಟು ಕುಲುಕಾಡುತ್ತದೆಯೇ ಎಂದೂ ನೋಡಿ. ಮನೆಗೆ ತಂದು ಅಕ್ಕಿ ಗಂಜಿಯಲ್ಲಿ ನೆನೆಹಾಕಿ, ಹುಣಸೆಹಣ್ಣು ಮತ್ತು ಕಲ್ಲುಪ್ಪಿನಲ್ಲಿ ತಿಕ್ಕಿದರೆ ಕೆಂಪು ಬಿಟ್ಟು ಬೂದುಬಣ್ಣದ ಮೈ ಕಾಣುತ್ತದೆ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಬೇಕು, ತಡಮಾಡಿದರೆ ಕಣ್ಣೆದುರೇ ಮತ್ತೆ ತುಕ್ಕು. ಆಮೇಲೆ ಕಡಲೆಕಾಯಿ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ, ಹಚ್ಚಿಯೇ ಇಲ್ಲವೇನೋ ಅನ್ನುವಷ್ಟು ತೆಳುವಾಗಿ ಒರೆಸಿ, ಹೊಗೆಯಾಡುವವರೆಗೆ ಕಾಯಿಸಿ, ಆರಲು ಬಿಡಬೇಕು. ಕಾದ ಎಣ್ಣೆ ಕಬ್ಬಿಣಕ್ಕೆ ಅಂಟಿ ಗಟ್ಟಿ ಪದರವಾಗುತ್ತದೆ. ದಪ್ಪಗೆ ಸುರಿದರೆ ಅಂಟಂಟಾಗಿ ಉಳಿಯುತ್ತದೆ. ಕಾವಲಿ ಕಪ್ಪಗೆ ಮಿರುಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿ, ಹಿಟ್ಟು ಹುಯ್ಯಿರಿ. ದೋಸೆಯ ಅಂಚು ತಾನೇ ಮೇಲೆದ್ದು ಬರುವುದನ್ನು ನೋಡಿದಾಗ ಆಗುವ ಸಂತೋಷ ಹೊಸ ತವಾ ಕೊಂಡಾಗ ನನಗೆ ಎಂದೂ ಆಗಿಲ್ಲ.

ಚಳಿಗಾಲದಲ್ಲಿ ಅವರೆಕಾಯಿ. ಬೆಂಗಳೂರಿನ ಅವರೆ ಮೇಳಕ್ಕೆ ಹೋಗಿ ಅವರೆಬೇಳೆ ದೋಸೆ, ಹೋಳಿಗೆ ತಿಂದು ಬರುವುದು ಒಂದು ಖುಷಿ. ಆದರೆ ತಳ್ಳುಗಾಡಿಯಲ್ಲಿ ಮಾಗಡಿ ಕಡೆಯ ಸೊಗಡು ಅವರೆ ಬಂದಾಗ ಕಾಯನ್ನೇ ಕೊಂಡು ಮನೆಯವರೆಲ್ಲ ಕೂತು ಬಿಡಿಸುವುದು ಇನ್ನೂ ದೊಡ್ಡ ಖುಷಿ. ಬಿಡಿಸಿದ ಕಾಳಿಗೆ ಬೆಲೆ ಹೆಚ್ಚು, ಪರಿಮಳ ಕಡಿಮೆ. ಸೊಗಡು ಇರುವುದು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಬಿಡಿಸಿ ಮುಗಿಸಿದ ಬೆರಳು ಮೂಸಿದರೆ ಗೊತ್ತಾಗುತ್ತದೆ. ಬಲಿತ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿತಕಿದರೆ ಬೇಳೆ ಚಿಮ್ಮಿ ಬರುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಲು ಕರೆಯಬೇಕಾಗಿಯೇ ಇಲ್ಲ. ಸಾರಿಗೆ ಕಾಯಿತುರಿ, ಧನಿಯಾ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ, ಹಸಿಮೆಣಸಿನಕಾಯಿ ರುಬ್ಬುತ್ತೇನೆ. ಮಸಾಲೆ ಹಿತವಾಗಿರಲಿ, ಅವರೆಯ ಘಮವನ್ನು ಅದು ನುಂಗಬಾರದು.

ಅವರೆಯ ಕಾಲ ಮುಗಿದರೆ ವರ್ಷವಿಡೀ ಬಸ್ಸಾರು ಇದೆ. ದಂಟಿನ ಸೊಪ್ಪು, ತೊಗರಿಬೇಳೆ ಒಟ್ಟಿಗೆ ಬೇಯಿಸಿ ನೀರು ಬಸಿದರೆ, ಬಸಿದ ಕಟ್ಟು ಸಾರಿಗೆ, ಉಳಿದ ಸೊಪ್ಪು ಬೇಳೆ ಒಗ್ಗರಣೆ ಹಾಕಿ ಪಲ್ಯಕ್ಕೆ. ಒಂದು ಒಲೆ, ಒಂದು ಪಾತ್ರೆ, ಎರಡು ಅಡುಗೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಕರಿಮೆಣಸು ಹುರಿದು, ಕಾಯಿ, ಹುಣಸೆ ಮತ್ತು ಬೆಂದ ಸೊಪ್ಪಿನದೇ ಒಂದು ಸೌಟು ಸೇರಿಸಿ ರುಬ್ಬಿದರೆ ಸಾರಿಗೆ ಮೈ ಬರುತ್ತದೆ. ರಾತ್ರಿ ಮತ್ತೊಮ್ಮೆ ಕುದಿಸಿಟ್ಟ ಬಸ್ಸಾರು ಮಾರನೆಯ ದಿನ ಇನ್ನೂ ಹದಕ್ಕೆ ಬಂದಿರುತ್ತದೆ, ನನಗೆ ಅದನ್ನು ಬಿಸಿ ಅನ್ನಕ್ಕೆ ಕಲಸಿಕೊಳ್ಳುವುದೇ ಇಷ್ಟ. ನಮ್ಮ ಅತ್ತೆಯವರು ಇದನ್ನು ಒಪ್ಪುವುದಿಲ್ಲ. ಎರಡನೆಯ ದಿನವೂ ಅವರಿಗೆ ಮುದ್ದೆಯೇ ಆಗಬೇಕು.