ನಮಾಝ್ ತಪ್ಪದೆ ತಾವೋ ಅಭ್ಯಾಸ

ಚೀನಾದಲ್ಲಿ ಹುಟ್ಟಿದ ತಾವೋ (ಅಂದರೆ ‘ದಾರಿ’) ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ. ಒಂದು ಬದುಕುವ ರೀತಿಯ ಚಿಂತನೆ: ಪ್ರಾಚೀನ ಚೀನೀ ಚಿಂತಕ ಲಾವೋತ್ಸು ಹೆಸರಿನಲ್ಲಿರುವ ‘ತಾವೋ ತೆ ಚಿಂಗ್’ನ 81 ಪುಟ್ಟ ಅಧ್ಯಾಯಗಳು, ಚುವಾಂಗ್‌ತ್ಸು ಹೆಸರಿನ ಕಥೆಗಳು. ಇನ್ನೊಂದು ಪೂರ್ತಿ ಧರ್ಮ. ಅದಕ್ಕೆ ಗುಡಿಗಳಿವೆ, ಪುರೋಹಿತರಿದ್ದಾರೆ, ಜೇಡ್ ಚಕ್ರವರ್ತಿಯಂಥ ದೇವತೆಗಳಿದ್ದಾರೆ, ತಾಯಿತಗಳಿವೆ, ಅಮರತ್ವದ ಸಾಧನೆಯಿದೆ. ಈ ಎರಡನೆಯದನ್ನು ಆಚರಿಸಿದರೆ ಅದು ಶಿರ್ಕ್, ಅಂದರೆ ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವುದು. ಅಲ್ಲಿ ಮುಸ್ಲಿಮನಿಗೆ ಪಾಲಿಲ್ಲ. ಮೊದಲನೆಯದನ್ನೂ ಸೋಸಿಯೇ ತೆಗೆದುಕೊಳ್ಳಬೇಕು.

ಸೋಸುವ ಬಟ್ಟೆ ಸರಳವಾದದ್ದು. ಒಂದು ಕೆಲಸವನ್ನು ಹೇಗೆ ಮಾಡಬೇಕು ಎಂಬ ಪ್ರಶ್ನೆಗೆ ತಾವೋ ಚಿಂತನೆಯ ಉತ್ತರವನ್ನು ಕೇಳಬಹುದು. ಯಾರನ್ನು ಆರಾಧಿಸಬೇಕು, ಯಾವುದು ಕಡ್ಡಾಯ, ಯಾವುದು ಹರಾಮ್ ಎಂಬ ಪ್ರಶ್ನೆಗಳನ್ನು ಅದರ ಮುಂದೆ ಇಡುವಂತಿಲ್ಲ.

ಹಾಗಾಗಿ ಕೆಲವು ಸಾಲುಗಳು ಬಟ್ಟೆಯ ಮೇಲೇ ಉಳಿಯುತ್ತವೆ. ‘ತಾವೋ ತೆ ಚಿಂಗ್’ನ 42ನೇ ಅಧ್ಯಾಯದ ಪ್ರಕಾರ ತಾವೋ ಒಂದನ್ನು ಹುಟ್ಟಿಸುತ್ತದೆ, ಒಂದು ಎರಡನ್ನು, ಎರಡು ಮೂರನ್ನು. ಅಲ್ಲಾಹನಿಗೆ ಹೆರುವುದೂ ಇಲ್ಲ, ಹುಟ್ಟೂ ಇಲ್ಲ ಎನ್ನುತ್ತದೆ ಕುರ್‌ಆನಿನ ಸೂರಃ ಇಖ್ಲಾಸ್. 5ನೇ ಅಧ್ಯಾಯದಲ್ಲಿ ಆಕಾಶ ಭೂಮಿಗಳಿಗೆ ಕರುಣೆಯಿಲ್ಲ, ಜೀವಿಗಳೆಲ್ಲ ಅವಕ್ಕೆ ಪೂಜೆ ಮುಗಿದ ಮೇಲೆ ಎಸೆಯುವ ಹುಲ್ಲಿನ ನಾಯಿಗಳು. ಪ್ರತಿ ಕೆಲಸವನ್ನೂ ರಹ್ಮಾನ್, ರಹೀಮ್ (ಪರಮ ಕರುಣಾಳು, ದಯಾಮಯಿ) ಎಂಬ ಹೆಸರುಗಳಿಂದ ಆರಂಭಿಸುವವರು ಇದನ್ನು ಒಪ್ಪಲಾರರು. ತಾವೋ ದುಆ (ಪ್ರಾರ್ಥನೆ) ಕೇಳಿಸಿಕೊಳ್ಳುವುದಿಲ್ಲ, ಪ್ರವಾದಿಗಳನ್ನು ಕಳಿಸುವುದಿಲ್ಲ, ಲೆಕ್ಕ ಕೇಳುವುದಿಲ್ಲ. ‘ತಾವೋ ಅಂದರೆ ಅಲ್ಲಾಹನೇ, ಹೆಸರಷ್ಟೇ ಬೇರೆ’ ಎಂಬ ಮಾತು ಕಿವಿಗೆ ಹಿತ. ಆದರೆ ಅದರಿಂದ ಎರಡೂ ಕಡೆಯವರಿಗೆ ಅನ್ಯಾಯವಾಗುತ್ತದೆ.

ಈ ಕೆಲಸವನ್ನು ಚೀನಾದ ಮುಸ್ಲಿಮ್ ವಿದ್ವಾಂಸರು ನಮಗಿಂತ ಮೊದಲೇ ಮಾಡಿಟ್ಟಿದ್ದಾರೆ. 17ನೇ ಶತಮಾನದಲ್ಲಿ ವಾಂಗ್ ದಾಯ್‌ಯು, ಅವನ ನಂತರ ಲಿಯು ಝಿ, ಇಸ್ಲಾಮನ್ನು ಚೀನೀ ಚಿಂತನೆಯ ಪದಗಳಲ್ಲೇ ವಿವರಿಸಿದರು. ಹಾಗಿದ್ದೂ ಅವರು ಅಲ್ಲಾಹನನ್ನು ಕರೆದದ್ದು ‘ಝೆನ್ ಝು’, ಅಂದರೆ ನಿಜವಾದ ಒಡೆಯ, ಎಂದು. ಪದಗಳನ್ನು ಎರವಲು ಪಡೆದರೂ ತೌಹೀದನ್ನು, ಅಂದರೆ ಅಲ್ಲಾಹನೊಬ್ಬನೇ ಎಂಬ ನಂಬಿಕೆಯನ್ನು, ಸಡಿಲಿಸಲಿಲ್ಲ.

ವೂ ವೇ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ವೂ ವೇ ಎಂದರೆ ಬಲವಂತವಿಲ್ಲದ ಕ್ರಿಯೆ, ಕೈಚೆಲ್ಲಿ ಕೂರುವುದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಫಜ್ರ್ (ಮುಂಜಾನೆಯ ನಮಾಝ್) ಹೊತ್ತಿಗೆ ಎಚ್ಚರವಾಗಿದೆ, ಮೈ ಭಾರವಾಗಿದೆ, ‘ಸಹಜವಾಗಿ ಬಂದಾಗ ಮಾಡೋಣ’ ಎಂದು ಮಗ್ಗುಲು ಬದಲಿಸುತ್ತಾರೆ. ಅದು ಸೋಮಾರಿತನ, ಅದಕ್ಕೆ ಚೀನೀ ಹೆಸರು ಕೊಟ್ಟರೂ ಅದೇ. ಐದು ಹೊತ್ತಿನ ನಮಾಝ್ ಇರಬೇಕೋ ಬೇಡವೋ ಎಂಬ ಮಾತಿಗೆ ವೂ ವೇಯನ್ನು ತರಬೇಡಿ. ಆ ಐದು ಗೂಟಗಳು ನೆಟ್ಟೇ ಇರಲಿ, ಅವುಗಳ ನಡುವಿನ ಹಗ್ಗವನ್ನು ಸಡಿಲ ಬಿಡಿ.

ಜಮಾಅತ್‌ಗೆ (ಸಾಮೂಹಿಕ ನಮಾಝಿಗೆ) ತಡವಾದಾಗ ಏನು ಮಾಡುತ್ತೀರಿ ನೋಡಿಕೊಳ್ಳಿ. ಓಡಿ ಬರಬೇಡಿ, ನೆಮ್ಮದಿಯಿಂದ ನಡೆದು ಬನ್ನಿ, ಸಿಕ್ಕಷ್ಟನ್ನು ನಿರ್ವಹಿಸಿ, ತಪ್ಪಿದ್ದನ್ನು ಆಮೇಲೆ ಪೂರ್ತಿ ಮಾಡಿ ಎಂಬ ಪ್ರವಾದಿ(ಸ)ರ ಸೂಚನೆ ಬುಖಾರಿ ಹದೀಸ್ (ಪ್ರವಾದಿವಚನ) ಸಂಗ್ರಹದಲ್ಲಿದೆ. ಹೊರಟದ್ದು ಕರ್ತವ್ಯ, ಧಾವಿಸದಿರುವುದು ರೀತಿ. ವೂ ವೇಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ತಾವೋ ಗ್ರಂಥಗಳಲ್ಲೂ ಸಿಗುವುದು ಕಷ್ಟ.

ನೀರಿನಿಂದ ಆರಂಭಿಸಿ

8ನೇ ಅಧ್ಯಾಯ ನೀರನ್ನು ಹೊಗಳುತ್ತದೆ. ಅದು ಎಲ್ಲಕ್ಕೂ ಉಪಕಾರಿ, ಯಾರೊಂದಿಗೂ ಜಗಳವಿಲ್ಲ, ತಗ್ಗಿನಲ್ಲೇ ನೆಲೆಸುತ್ತದೆ. ವುಝೂ (ನಮಾಝಿಗೆ ಮುನ್ನ ಅಂಗಗಳ ಶುದ್ಧಿ) ಮಾಡುವವರಿಗೆ ನೀರಿನ ಸಹವಾಸ ದಿನಾ ಇದ್ದೇ ಇದೆ. ಪ್ರವಾದಿ(ಸ)ರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂಬ ವರದಿಯಿದೆ. ಇಂದಿನ ಅಳತೆಯಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು ಅಥವಾ ಕಡಿಮೆ.

ನಲ್ಲಿಯನ್ನು ಬಿಟ್ಟು ಚೊಂಬು ಹಿಡಿಯಿರಿ. ಮೊದಲ ವಾರ ಒಂದು ಲೀಟರ್ ಅಳೆದು ತುಂಬಿ, ಎರಡನೇ ವಾರದಿಂದ 750 ಮಿಲಿಲೀಟರ್. ಹಸ್ತ, ಬಾಯಿ, ಮೂಗು, ಮುಖ ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಮೊಣಕೈವರೆಗೆ ತೊಳೆಯುವಾಗ ಸುರಿಯಬೇಡಿ. ಅಂಗೈಯಲ್ಲಿ ಹಿಡಿದು ಸವರುತ್ತ ಹರಿಸಿ. ತಲೆಗೆ ಒದ್ದೆ ಕೈ ಸಾಕು. ಕೊನೆಯ ಮೂರನೇ ಒಂದು ಭಾಗ ಪಾದಗಳಿಗೆ.

ಮೂರು ಮೂರು ಸಲ ತೊಳೆಯುವ ಹಟದಲ್ಲಿ ಮೊದಲೇ ನೀರು ಮುಗಿದು ಹಿಮ್ಮಡಿ ಒಣಗಿಯೇ ಉಳಿಯುವುದು ಸಾಮಾನ್ಯ ತಪ್ಪು. ಒಣ ಹಿಮ್ಮಡಿಯ ಬಗ್ಗೆ ಹದೀಸ್‌ನಲ್ಲಿ ಕಟುವಾದ ಎಚ್ಚರಿಕೆಯಿದೆ. ನೀರು ಸಾಲದಿದ್ದರೆ ಸಲಗಳನ್ನು ಕಡಿಮೆ ಮಾಡಿ. ಒಂದೊಂದೇ ಸಲ ತೊಳೆದರೂ ವುಝೂ ಸಿಂಧು. ತೊಳೆಯಬೇಕಾದ ಜಾಗವನ್ನು ಮಾತ್ರ ಕಡಿಮೆ ಮಾಡುವಂತಿಲ್ಲ. ತದ್ವಿರುದ್ಧ ತೊಂದರೆಯೂ ಇದೆ: ತೊಳೆದದ್ದು ಆಯಿತೋ ಇಲ್ಲವೋ ಎಂಬ ವಸ್‌ವಸೆ. ಅಂಥವರಿಗೆ ಚೊಂಬು ಒಳ್ಳೆಯ ಮದ್ದು, ನೀರು ಮುಗಿದರೆ ಕೆಲಸ ಮುಗಿಯಿತು.

ನಮಾಝಿನೊಳಗಿನ ನಿಶ್ಚಲತೆ

ಕೆಸರು ನೀರನ್ನು ಅಲ್ಲಾಡಿಸದೆ ಬಿಟ್ಟರೆ ತಾನೇ ತಿಳಿಯಾಗುತ್ತದೆ ಎನ್ನುತ್ತದೆ 15ನೇ ಅಧ್ಯಾಯ. ಇದಕ್ಕಾಗಿ ಹೊಸ ಧ್ಯಾನ ಹುಡುಕುವ ಮೊದಲು ರುಕೂನಿಂದ (ಸೊಂಟ ಬಾಗಿಸಿ ನಿಲ್ಲುವ ಭಂಗಿಯಿಂದ) ಎದ್ದ ಕ್ಷಣವನ್ನು ಗಮನಿಸಿ. ಬಹಳ ಮಂದಿ ಬೆನ್ನು ಪೂರ್ತಿ ನೆಟ್ಟಗಾಗುವ ಮೊದಲೇ ಸುಜೂದ್‌ಗೆ (ಹಣೆ ನೆಲಕ್ಕಿಡಲು) ಇಳಿಯುತ್ತಾರೆ. ಅವಸರದಲ್ಲಿ ಮುಗಿಸಿದ ಒಬ್ಬನನ್ನು ‘ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ’ ಎಂದು ಪ್ರವಾದಿ(ಸ)ರು ಮೂರು ಸಲ ಹಿಂದಕ್ಕೆ ಕಳಿಸಿದ್ದು ಇದೇ ಕಾರಣಕ್ಕೆ. ರುಕೂ, ಎದ್ದು ನಿಲ್ಲುವುದು, ಸುಜೂದ್, ಎರಡು ಸುಜೂದ್‌ಗಳ ನಡುವೆ ಕೂರುವುದು: ಈ ನಾಲ್ಕೂ ಕಡೆ ಮೂಳೆಗಳು ತಮ್ಮ ಜಾಗಕ್ಕೆ ಬಂದು ಕೂತವೆಂದು ಅನಿಸುವವರೆಗೆ ನಿಲ್ಲಿ. ತಸ್ಬೀಹನ್ನು (ಅಲ್ಲಾಹನ ಸ್ತುತಿಯ ಮಾತನ್ನು) ಅವಸರವಿಲ್ಲದೆ ಮೂರು ಸಲ ಹೇಳುವಷ್ಟು ಹೊತ್ತು ಸಾಕು. ಚೀಗಾಂಗ್ ಎಂಬ ಚೀನೀ ಅಭ್ಯಾಸದ ಉಸಿರಾಟದ ಲೆಕ್ಕವನ್ನಾಗಲಿ ಕೈ ಚಲನೆಯನ್ನಾಗಲಿ ನಮಾಝಿನೊಳಗೆ ತರಬೇಡಿ. ನಮಾಝಿನ ರೂಪ ನಮ್ಮ ಕೈಯಲ್ಲಿಲ್ಲ.

ಮೌನವಾಗಿ ಕೂರಬೇಕೆನಿಸಿದರೆ ಫಜ್ರ್ ನಂತರ 10 ನಿಮಿಷ. 33 ಸುಬ್‌ಹಾನಲ್ಲಾಹ್, 33 ಅಲ್‌ಹಮ್ದುಲಿಲ್ಲಾಹ್, 34 ಅಲ್ಲಾಹು ಅಕ್ಬರ್. ಉಳಿದ ಹೊತ್ತು ಅಲ್ಲಾಹ್ ನೋಡುತ್ತಿದ್ದಾನೆ ಎಂಬ ಅರಿವಿನಲ್ಲಿ ಸುಮ್ಮನೆ ಇರಿ. ಚುವಾಂಗ್‌ತ್ಸು ಹೇಳುವ ‘ಕೂತು ಮರೆಯುವುದು’ ಎಂಬುದು ತನ್ನನ್ನೇ ಮರೆತು ತಾವೋದಲ್ಲಿ ಬೆರೆಯುವ ಗುರಿಯದು. ಇಲ್ಲಿ ಗುರಿ ನೆನಪು. ಕೊನೆಯವರೆಗೂ ದಾಸ ದಾಸನೇ.

ಒಂಟೆ, ಹಗ್ಗ, ನಿರ್ಧಾರ

‘ಒಂಟೆಯನ್ನು ಕಟ್ಟು, ಆಮೇಲೆ ತವಕ್ಕುಲ್ ಮಾಡು (ಅಲ್ಲಾಹನ ಮೇಲೆ ಭರವಸೆಯಿಡು)’ ಎಂಬ ತಿರ್ಮಿದಿ ಸಂಗ್ರಹದ ಹದೀಸ್ ಎಲ್ಲರಿಗೂ ಗೊತ್ತು. ದೊಡ್ಡ ಕೆಲಸಕ್ಕೆ ಮುನ್ನ ನಿಮ್ಮ ಹಗ್ಗ ಯಾವುದೆಂದು ಕಾಗದದ ಮೇಲೆ ಬರೆಯಿರಿ, ಐದು ಸಾಲು ಮೀರದಂತೆ. ಅಷ್ಟನ್ನು ಮಾಡಿ ಮುಗಿಸಿದ ಮೇಲೆ ಮುಂದಿನ ನಮಾಝ್ ಹೊತ್ತಿನವರೆಗೆ ಅದರ ಗೊಡವೆ ಬೇಡ: ಮತ್ತೆ ಮತ್ತೆ ಫೋನ್ ತೆರೆದು ಉತ್ತರ ಬಂತೇ ಎಂದು ನೋಡುವುದು ಕಟ್ಟಿದ ಗಂಟನ್ನು ಎಳೆದೆಳೆದು ಸಡಿಲಿಸಿದಂತೆ.

ಎರಡು ದಾರಿಗಳ ನಡುವೆ ಸಿಕ್ಕಿದಾಗ ನಾಣ್ಯ ಎಸೆದು ಚೀನಾದ ಶಕುನ ಗ್ರಂಥ ‘ಯೀ ಚಿಂಗ್’ನ ರೇಖೆಗಳನ್ನು ಓದುವುದು ಬೇಡ. ಬಾಣಗಳಿಂದ ಶಕುನ ಕೇಳುವುದನ್ನು ಕುರ್‌ಆನ್ 5:90 ನಿಷೇಧಿಸುತ್ತದೆ. ನಾಣ್ಯ ಆ ಬಾಣದ ತಮ್ಮ. ಇದಕ್ಕೆ ಇಸ್ತಿಖಾರಾ (ಒಳಿತಿನ ದಾರಿ ಕೋರುವ ನಮಾಝ್) ಇದೆ: ಫರ್ಝ್ (ಕಡ್ಡಾಯ) ಅಲ್ಲದ ಎರಡು ರಕಅತ್ (ನಮಾಝಿನ ಸುತ್ತು), ನಂತರ ಅದರ ದುಆ, ದುಆದಲ್ಲಿ ವಿಷಯದ ಹೆಸರು. ಕನಸು ಬೀಳಲೇಬೇಕೆಂದು ವಾರಗಟ್ಟಲೆ ಕಾಯುವವರಿದ್ದಾರೆ. ಕನಸು ಅದರ ಷರತ್ತಲ್ಲ. ವಿಚಾರಿಸಿ, ತಿಳಿದವರನ್ನು ಕೇಳಿ, ಹೆಜ್ಜೆಯಿಡಿ. ದಾರಿ ಮುಚ್ಚಿದರೆ ತಳ್ಳಬೇಡಿ.

‘ತಾವೋ ತೆ ಚಿಂಗ್’ನ 67ನೇ ಅಧ್ಯಾಯದ ಮೂರು ನಿಧಿಗಳಲ್ಲಿ ಕರುಣೆ ಮತ್ತು ಮಿತವ್ಯಯಕ್ಕೆ ಹೆಚ್ಚಿನ ವಿವರಣೆ ಬೇಡ. ಕುರ್‌ಆನ್ 25:67ರಲ್ಲಿ ದುಂದೂ ಇಲ್ಲದ, ಜಿಪುಣತನವೂ ಇಲ್ಲದ ಖರ್ಚಿನ ಮಾತು ಇದೆ. ಮೂರನೆಯದು ‘ಮುಂದೆ ನಿಲ್ಲುವ ಧೈರ್ಯ ಮಾಡದಿರುವುದು’. ಇದನ್ನು ಅರ್ಧ ಮಾತ್ರ ಒಪ್ಪಬಹುದು. ಹೆಸರು, ಹೊಗಳಿಕೆ, ಕುರ್ಚಿ ಹಂಚುವಾಗ ಹಿಂದೆ ಸರಿಯಿರಿ. ಆದರೆ ಒಳಿತಿನಲ್ಲಿ ಪೈಪೋಟಿ ನಡೆಸಿ ಎಂದು ಕುರ್‌ಆನ್ 2:148 ಹೇಳುವುದರಿಂದ ದಾನದಲ್ಲೂ ನಮಾಝಿನ ಮೊದಲ ಸಫ್‌ನಲ್ಲೂ (ಸಾಲಿನಲ್ಲೂ) ಈ ಸಂಕೋಚ ಬೇಡ.

ತಾಯ್‌ಚಿ ತರಗತಿಗೆ ಸೇರುವ ಮುನ್ನ

ತಾಯ್‌ಚಿ ಎಂಬ ನಿಧಾನ ಚಲನೆಯ ಚೀನೀ ಕಲೆಗೆ ವ್ಯಾಯಾಮವಾಗಿ ಅಡ್ಡಿಯಿಲ್ಲವೆನ್ನುವವರೇ ನಾವು, ಆದರೆ ನಿಮ್ಮ ಆಲಿಮ್‌ರನ್ನೂ (ಧರ್ಮ ವಿದ್ವಾಂಸರನ್ನೂ) ಕೇಳಿಕೊಳ್ಳಿ. ಚೀನಾದ ಹುಯ್ ಮುಸ್ಲಿಮರೇ ಶಿನ್‌ಯಿ ಲಿಯುಹೆಯಂಥ ಸಮರ ಕಲೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಹಣ ಕಟ್ಟುವ ಮೊದಲು ಶಿಕ್ಷಕರಲ್ಲಿ ಇಷ್ಟನ್ನು ಕೇಳಿ: ಪಟದ ಮುಂದೆ ಬಾಗಬೇಕೇ, ಊದುಬತ್ತಿ ಅರ್ಪಿಸಬೇಕೇ, ದೇವತೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕೇ, ತಾಯಿತ ಕೊಡುತ್ತೀರಾ? ಒಂದಕ್ಕೆ ಹೌದು ಎಂದು ಬಂದರೂ ಬೇರೆ ತರಗತಿ ನೋಡಿ. ಮುಷ್ಟಿಯ ಮೇಲೆ ಅಂಗೈ ಇಟ್ಟು ನಿಂತಲ್ಲೇ ಮಾಡುವ ವಂದನೆ ಶಿಷ್ಟಾಚಾರದ್ದು. ಸೊಂಟ ಬಾಗಿಸುವ ಹಂತ ಬಂದರೆ, ತಲೆಯಾಡಿಸಿ ನಗುವುದಷ್ಟೇ ಸಾಧ್ಯವೆಂದು ಮೊದಲ ದಿನವೇ ಹೇಳಿಬಿಡಿ. ಅಸರ್ (ಇಳಿಹೊತ್ತಿನ ನಮಾಝ್) ಮತ್ತು ಮಗ್ರಿಬ್ (ಸೂರ್ಯಾಸ್ತದ ನಮಾಝ್) ನಡುವೆ ತರಗತಿಯಿದ್ದರೆ ಮುಗಿಯುವ ಸಮಯವನ್ನೂ ಕೇಳಿಕೊಳ್ಳಿ: ಮಗ್ರಿಬ್‌ನ ಅವಧಿ ಚಿಕ್ಕದು.