ಎಲ್‌ಎಲ್‌ಎಂಗೆ ಅರ್ಜಿ: ನಿಮ್ಮ ವ್ಯಾಜ್ಯಕಾರಣ ಎಲ್ಲಿ?

ತುಮಕೂರು ಕೋರ್ಟ್ ಹತ್ತಿರದ ಕ್ಯಾಂಟೀನಿನಲ್ಲಿ ಜೂನಿಯರ್ ಒಬ್ಬ ನನ್ನ ಮುಂದೆ ಎರಡು ಹಾಳೆ ಇಟ್ಟ. ‘ಸಾರ್, ಇಂಗ್ಲೆಂಡಿನ ಯೂನಿವರ್ಸಿಟಿಗೆ ಕಳಿಸೋ ಎಸ್‌ಒಪಿ. ಒಂದ್ಸಲ ಕಣ್ಣಾಡ್ಸಿ.’ ಎಸ್‌ಒಪಿ ಎಂದರೆ ಈ ಕೋರ್ಸು ನನಗೇಕೆ ಬೇಕು ಎಂದು ಅರ್ಜಿದಾರ ಬರೆಯುವ ಹೇಳಿಕೆ; ಇವನದು ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಗೆ. ಕಾಫಿ ಆರುವ ಮೊದಲೇ ಓದಿ ಮುಗಿಸಿದೆ. ಮೊದಲ ಸಾಲಿನಲ್ಲಿ ಮಹಾಪುರುಷರೊಬ್ಬರ ನುಡಿಮುತ್ತು. ಎರಡನೆಯದರಲ್ಲಿ ‘ಬಾಲ್ಯದಿಂದಲೂ ನನಗೆ ನ್ಯಾಯದ ಬಗ್ಗೆ ಅಪಾರ ತುಡಿತ’. ಈ ತುಡಿತವನ್ನು ಹಿಂದಿನ ವರ್ಷವೂ ಓದಿದ್ದೆ, ಬೇರೊಬ್ಬ ಹುಡುಗಿಯ ಹಾಳೆಯಲ್ಲಿ. ವಿಚಾರಿಸಿದರೆ ಇಬ್ಬರೂ ಒಂದೇ ಅಂಗಡಿಯಲ್ಲಿ ದುಡ್ಡು ಕೊಟ್ಟು ಬರೆಸಿದ್ದರು.

ಇದೇ ಹುಡುಗ ದಾವೆ ಬರೆಯಲು ಕೂತರೆ ಸರ್ವೆ ನಂಬರು, ಚಕ್ಕುಬಂದಿ, ಪಹಣಿ ಯಾವುದನ್ನೂ ಬಿಡುವವನಲ್ಲ. ವ್ಯಾಜ್ಯಕಾರಣವೇ, ಅಂದರೆ ಕೋರ್ಟಿಗೆ ಬರುವಂತೆ ಮಾಡಿದ ಸಂಗತಿಯೇ, ಕಾಣದ ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ, 11ನೇ ನಿಯಮದಡಿ ಕೋರ್ಟು ಹೊಸ್ತಿಲಲ್ಲೇ ತಿರಸ್ಕರಿಸುತ್ತದೆ ಎಂಬುದು ಅವನಿಗೆ ಬಾಯಿಪಾಠ. ಎಲ್‌ಎಲ್‌ಎಂ ಅರ್ಜಿಯೂ ಬೀಳುವುದು ಅಲ್ಲೇ. ಆದ್ದರಿಂದ ಈ ಲೇಖನ.

ಹಂತ 1: ಎಲ್ಲಿಗೆ ಎಂದು ಮೊದಲು ತೀರ್ಮಾನಿಸಿ

ದಾರಿ ಮೂರು. ಒಂದು, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಎರಡು ವರ್ಷದ ಎಲ್‌ಎಲ್‌ಎಂ. ಎರಡು, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಂದು ವರ್ಷದ ಕೋರ್ಸು. ಯುಜಿಸಿ 2013ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಮೂರು, ವಿದೇಶ. ಪಾಠ ಮಾಡುವ ಆಸೆ ಇದ್ದವರು ನೆನಪಿಡಿ: ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿಗೆ ಸಾಮಾನ್ಯ ವರ್ಗದವರಿಗೆ ಎಲ್‌ಎಲ್‌ಎಂನಲ್ಲಿ ಶೇ 55 ಅಂಕ ಬೇಕು. ‘ಹೇಗಾದರೂ ಪಾಸಾದರೆ ಸಾಕು’ ಎನ್ನುವವರು ಫೀಸು ಉಳಿಸಿಕೊಳ್ಳುವುದೇ ವಾಸಿ.

ಹಂತ 2: ಕ್ಲಾಟ್ ಬರೆಯುವವರಿಗೆ

ಇದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಇಲ್ಲಿ ಎಸ್‌ಒಪಿಯ ಗೊಡವೆ ಇಲ್ಲ. ಪರೀಕ್ಷೆ ಈಚಿನ ವರ್ಷಗಳಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದೆ. 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರವೊಂದಕ್ಕೆ 0.25 ಅಂಕ ಖೋತಾ. ತೀರ್ಪುಗಳ ತುಣುಕು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಗೈಡು ಬದಿಗಿಟ್ಟು ಮೂಲ ತೀರ್ಪು ಓದಿ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ‘ಗ್ಯಾರಂಟಿ ಪ್ರಶ್ನೆಗಳು’ ಪುಸ್ತಕ ಬೋಂಡ ಕಟ್ಟಲಿಕ್ಕೆ ಚೆನ್ನಾಗಿರುತ್ತದೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ಗೆ ಸೇರಿಲ್ಲ, ಅದಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ.

ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ‘ಕರ್ನಾಟಕ ವಿದ್ಯಾರ್ಥಿ’ ಮೀಸಲಾತಿ ಇದೆ. ಅದನ್ನು ಕೇಳುವವರು ಹಳ್ಳಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ತಂದಿಟ್ಟುಕೊಳ್ಳಿ. ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರನ್ನು ಹುಡುಕಿಕೊಂಡು ಮಧುಗಿರಿಗೋ ಗೌರಿಬಿದನೂರಿಗೋ ಅಲೆದವರನ್ನು ನಾನು ಬಲ್ಲೆ.

ಹಂತ 3: ಹೆಸರು ಸರಿಮಾಡಿಕೊಳ್ಳಿ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಟಿ.ಎನ್.’, ಆಧಾರ್‌ನಲ್ಲಿ ಬರೀ ‘ಮಂಜುನಾಥ್’, ಡಿಗ್ರಿಯಲ್ಲಿ ‘ಟಿ.ಎನ್. ಮಂಜುನಾಥ’. ನಮಗೆ ಇವರು ಮೂವರೂ ಒಬ್ಬರೇ, ಆನ್‌ಲೈನ್ ಫಾರಂಗೆ ಮೂರು ಜನ. ಪಾಸ್‌ಪೋರ್ಟ್ ಮಾಡಿಸಲು ಹೋದರೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ನಾಲ್ಕನೆಯವನೂ ಹುಟ್ಟುತ್ತಾನೆ. ಎಲ್ಲರೂ ಒಬ್ಬನೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ಅರ್ಜಿಯ ಜೊತೆ ಇಡಿ. ದಿನವೂ ಕಕ್ಷಿದಾರರಿಗೆ ಇದನ್ನೇ ಮಾಡಿಕೊಡುವ ವಕೀಲರು ತಮ್ಮದನ್ನು ಮಾತ್ರ ಮರೆಯುತ್ತಾರೆ.

ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಗಳ ಅಧಿಕೃತ ಪಟ್ಟಿ) ಬೇಕಿದ್ದರೆ ಹುಬ್ಬಳ್ಳಿ ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯಕ್ಕೆ ಬೇಗ ಅರ್ಜಿ ಹಾಕಿ. 2009ರಲ್ಲಿ ಅದು ಶುರುವಾಗುವ ಮೊದಲು ಓದಿದ ಹಿರಿಯರು ಅಂದಿನ ತಮ್ಮ ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ಹಂತ 4: ಎಸ್‌ಒಪಿ

ಜನ ಮುಗ್ಗರಿಸುವುದು ಇಲ್ಲಿ. ಆ ಜೂನಿಯರನ್ನು ಕೇಳಿದೆ: ‘ನಿಮ್ಮೂರು ಯಾವುದಪ್ಪ?’ ‘ಪಾವಗಡ ಕಡೆ ಸಾರ್, ತಿರುಮಣಿ ಹತ್ರ.’ ಸೋಲಾರ್ ಪಾರ್ಕ್ ಇರುವ ಜಾಗ. 2,050 ಮೆಗಾವಾಟ್, ಸುಮಾರು 13,000 ಎಕರೆ. ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ‘ನಮ್ಮ ದೊಡ್ಡಪ್ಪಂಗೆ ಬಾಡಿಗೆ ಬತ್ತೈತೆ ಸಾರ್. ಅವರ ಹೊಲದಲ್ಲಿ ಕೂಲಿ ಮಾಡ್ತಿದ್ದೋರಿಗೆ ಏನೂ ಇಲ್ಲ. ಪಹಣೀಲಿ ಹೆಸರಿಲ್ವಲ್ಲ.’

ನಾನು ಕಾಫಿ ಲೋಟ ಕೆಳಗಿಟ್ಟೆ. ‘ಈ ಮಾತು ಹಾಳೇಲಿ ಯಾಕಿಲ್ಲ?’ ‘ಅದು ನಮ್ಮೂರಿನ ವಿಷಯ ಸಾರ್, ಲಂಡನ್ನೋರಿಗೆ ಯಾಕೆ?’

ಲಂಡನ್ನಿನವರಿಗೆ ಬೇಕಾದದ್ದೇ ಅದು. ಪಹಣಿಯಲ್ಲಿ ಹೆಸರಿಲ್ಲದವನು ಹೊಲದ ಬಳಕೆ ಬದಲಾದಾಗ ಕಾನೂನಿನ ಮುಂದೆ ಯಾರು? ಈ ಪ್ರಶ್ನೆ ಇಟ್ಟುಕೊಂಡು ಭೂಮಿ ಕಾನೂನು, ಪರಿಸರ ಕಾನೂನು, ಕಾರ್ಮಿಕ ಕಾನೂನು ಯಾವ ಬಾಗಿಲಿನಿಂದ ಬೇಕಾದರೂ ಒಳಗೆ ಹೋಗಬಹುದು. ಕೋಲಾರದವರಿಗೆ ಕೆ.ಸಿ. ವ್ಯಾಲಿ ಇದೆ: ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಮಾತ್ರ ಶುದ್ಧೀಕರಿಸಿ ನಿಮ್ಮ ಕೆರೆಗೆ ಬಿಟ್ಟರು, ಮೂರನೇ ಹಂತ ಕೇಳಿ ಜನ ಕೋರ್ಟಿಗೆ ಹೋದರು. ಕೆಜಿಎಫ್‌ನವರಿಗೆ 2001ರಲ್ಲಿ ಮುಚ್ಚಿದ ಗಣಿ, ಅದರ ಕ್ವಾರ್ಟರ್ಸ್, ಸೈನೈಡ್ ದಿಬ್ಬಗಳಿವೆ. ಇಷ್ಟೆಲ್ಲ ಅಂಗಳದಲ್ಲಿಟ್ಟುಕೊಂಡು ನುಡಿಮುತ್ತು ಎರವಲು ತರಬೇಡಿ.

ಬರೆಯುವ ಕ್ರಮ ಹೇಳುತ್ತೇನೆ. ಮೊದಲು ಕನ್ನಡದಲ್ಲಿ ಅರ್ಧ ಪುಟ ಬರೆಯಿರಿ, ಪೆನ್ನಿನಲ್ಲಿ. ನೇರ ಇಂಗ್ಲಿಷಿಗೆ ಕೂತರೆ ಕೈ ತಾನಾಗಿ ‘ತುಡಿತ’ದ ಕಡೆಗೇ ಓಡುತ್ತದೆ. ಆ ಅರ್ಧ ಪುಟದಲ್ಲಿ ನೀವು ಕಂಡ ಒಂದೇ ಒಂದು ಪ್ರಸಂಗ ಇರಲಿ. ಅದರಿಂದ ಒಂದು ಪ್ರಶ್ನೆ ಹೊರಡಿಸಿ. ಉತ್ತರ ಗೊತ್ತಿರಬೇಕಾಗಿಲ್ಲ, ಗೊತ್ತಿದ್ದರೆ ಓದಲು ಯಾಕೆ ಹೋಗುತ್ತೀರಿ? ಆಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿ ಈವರೆಗೆ ಏನು ಮಾಡಿದಿರಿ ಎಂಬುದು: ಓದಿದ ತೀರ್ಪು, ನಡೆಸಿದ ಕೇಸು, ಬರೆದ ಟಿಪ್ಪಣಿ. ನಂತರ ಈ ವಿಶ್ವವಿದ್ಯಾಲಯವೇ ಏಕೆ. ‘ವಿಶ್ವವಿಖ್ಯಾತ’ ಎಂಬ ಪದ ಬೇಡ, ಅವರು ಎಂಥವರೆಂದು ಅವರಿಗೇ ಗೊತ್ತು. ಕೋರ್ಸಿನ ಎರಡು ಪೇಪರುಗಳ ಹೆಸರು, ನೀವು ನಿಜವಾಗಿ ಓದಿದ ಅಲ್ಲಿನ ಪ್ರಾಧ್ಯಾಪಕರೊಬ್ಬರ ಒಂದು ಲೇಖನ ಸಾಕು. ಮುಗಿದ ಮೇಲೆ ಏನು ಮಾಡುತ್ತೀರಿ ಎನ್ನುವುದಕ್ಕೆ ಎರಡು ಸಾಲು. ‘ಸಮಾಜಸೇವೆ’ ಎಂದು ಬರೆದವರ ಹಾಳೆಯನ್ನು ನಾನು ಅಲ್ಲೇ ವಾಪಸ್ ಕೊಡುತ್ತೇನೆ. ತುಮಕೂರಿಗೆ ಬಂದು ಸಿವಿಲ್ ಪ್ರಾಕ್ಟೀಸ್ ಮಾಡುತ್ತೇನೆ ಎನ್ನುವುದು ಅದಕ್ಕಿಂತ ಎಷ್ಟೋ ಗಟ್ಟಿ.

ಪದಮಿತಿ ಕೊಟ್ಟಿದ್ದರೆ ಮೀರಬೇಡಿ. ಚಾಟ್‌ಬಾಟ್‌ಗೆ ಬರೆಯಲು ಹೇಳುವವರಿಗೆ ಒಂದು ಮಾತು: ಅದು ಅಂಗಡಿಯವನಿಗಿಂತ ಚೆನ್ನಾದ ಇಂಗ್ಲಿಷ್ ಬರೆಯುತ್ತದೆ, ಆದರೆ ನಿಮ್ಮ ದೊಡ್ಡಪ್ಪನ ಹೊಲ ಅದಕ್ಕೆ ಗೊತ್ತಿಲ್ಲ. ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಿ ಸಾಕು.

ಹಂತ 5: ಐಇಎಲ್‌ಟಿಎಸ್

ವಿದೇಶಕ್ಕೆ ಹೋಗುವವರ ಈ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡು ವರ್ಷ ಆಯಸ್ಸು. ಲಾ ಕೋರ್ಸಿಗೆ ಬೇರೆಯದಕ್ಕಿಂತ ಹೆಚ್ಚು ಅಂಕ ಕೇಳುವ ಕಡೆ ಬಹಳ ಇವೆ, ಅರ್ಜಿಗೆ ಮೊದಲು ನೋಡಿಕೊಳ್ಳಿ.

ಹಂತ 6: ರೆಫರೆನ್ಸ್ ಲೆಟರ್

ನಿಮ್ಮ ಬಗ್ಗೆ ಶಿಫಾರಸು ಬರೆಸಲು ಶಾಸಕರ ಲೆಟರ್‌ಹೆಡ್ ಬೇಡ. ನಿಮ್ಮ ಮುಖ ನೆನಪಿಲ್ಲದ ದೊಡ್ಡ ಮನುಷ್ಯರೂ ಬೇಡ. ನಿಮ್ಮ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರು, ನಿಮ್ಮ ಡ್ರಾಫ್ಟಿಗೆ ಕೆಂಪು ಶಾಯಿ ಹಾಕಿದ ಸೀನಿಯರ್, ಇಂಥವರೇ ಬೇಕು. ‘ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ’ ಎನ್ನುವುದು ನಮ್ಮ ಕಡೆಯ ಪದ್ಧತಿ. ಒಪ್ಪಬೇಡಿ, ಎಸ್‌ಒಪಿಯಲ್ಲೂ ಪತ್ರದಲ್ಲೂ ಒಂದೇ ಕೈ ಎದ್ದು ಕಾಣುತ್ತದೆ. ಬದಲಿಗೆ ನಿಮ್ಮ ಎಸ್‌ಒಪಿ, ಅಂಕಪಟ್ಟಿ, ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸದ ಪಟ್ಟಿ ಒಯ್ದು ಕೊಡಿ, ಒಂದು ತಿಂಗಳು ಸಮಯ ಬಿಡಿ.

ಈಗ ಹೆಚ್ಚಿನ ಕಡೆ ಪತ್ರ ನಿಮ್ಮ ಕೈಗೆ ಬರುವುದೇ ಇಲ್ಲ. ವಿಶ್ವವಿದ್ಯಾಲಯ ನೇರ ಮೇಷ್ಟ್ರ ಇಮೇಲಿಗೆ ಲಿಂಕ್ ಕಳಿಸುತ್ತದೆ, ಕಾಲೇಜಿನ ಅಧಿಕೃತ ವಿಳಾಸವನ್ನೇ ಕೇಳುತ್ತದೆ. ನಮ್ಮ ಪಾವಗಡದ ಹುಡುಗ ಎಸ್‌ಒಪಿಯನ್ನು ನಾಲ್ಕು ಸಲ ತಿದ್ದಿ ಬರೆದ, ಸೊಗಸಾಗಿತ್ತು. ಕೊನೇ ದಿನಕ್ಕೆ ಮೂರು ದಿನ ಇದ್ದಾಗ ನೋಡಿದರೆ ಒಂದು ರೆಫರೆನ್ಸ್ ಇನ್ನೂ ಬಾಕಿ. ಫೋನ್ ಮಾಡಿದರೆ ಮೇಷ್ಟ್ರು, ‘ನನಗೇನೂ ಬಂದಿಲ್ವಲ್ಲಪ್ಪ.’ ಹುಡುಗ ರಾತ್ರಿ ಎಂಟಕ್ಕೆ ಅವರ ಮನೆಗೆ ಹೋದ. ಲಿಂಕ್ ಸ್ಪ್ಯಾಮ್‌ನಲ್ಲಿ ಕೂತಿತ್ತು, ಇಪ್ಪತ್ತು ದಿನದಿಂದ.