ಸಿಂಗಪುರದ ಮೂರು ಕೇರಿ, ಒಂದೇ ಮೆಟ್ರೊ ಮಾರ್ಗ

ಲಿಟಲ್ ಇಂಡಿಯಾ, ಕಂಪೊಂಗ್ ಗ್ಲಾಮ್, ಚೈನಾಟೌನ್ ಮೂರನ್ನೂ ಒಂದೇ ದಿನ ನೋಡುವವರು ಇದೇ ಕ್ರಮದಲ್ಲಿ ಹೋಗಿ. ಮೂರಕ್ಕೂ ಡೌನ್‌ಟೌನ್ ಲೈನ್ ಸಾಕು, ರೈಲು ಬದಲಿಸುವ ತಾಪತ್ರಯವಿಲ್ಲ.

ಬೆಳಿಗ್ಗೆ ಲಿಟಲ್ ಇಂಡಿಯಾ. ನಿಲ್ದಾಣದ ಪಕ್ಕದ ಟೆಕ್ಕಾ ಸೆಂಟರ್‌ನಲ್ಲಿ ತಿಂಡಿ ಮುಗಿಸಿ, ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ ಗುಡಿಗೆ ನಡೆಯಿರಿ. ಮಧ್ಯಾಹ್ನ ಗುಡಿಗಳು ಬಾಗಿಲು ಹಾಕುತ್ತವೆ. ತಡವಾಗಿ ಹೋದವರು ಗೋಪುರ ನೋಡಿಕೊಂಡೇ ವಾಪಸ್.

ಅಲ್ಲಿಂದ ಎರಡನೇ ನಿಲ್ದಾಣ ಬೂಗಿಸ್, ಕಂಪೊಂಗ್ ಗ್ಲಾಮ್‌ಗೆ ಇಳಿಯಬೇಕಾದದ್ದು ಇಲ್ಲೇ. ಆ ಕೇರಿಯ ಸುಲ್ತಾನ್ ಮಸೀದಿಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು, ಆ ದಿನ ಬೇಡ.

ಬೂಗಿಸ್‌ನಿಂದ ಐದನೇ ನಿಲ್ದಾಣ ಚೈನಾಟೌನ್. ಬಿಸಿಲು ಇಳಿದ ಮೇಲೇ ಹೋಗಿ. ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿ, ಜಾಮಿಯಾ ಮಸೀದಿ, ಬುದ್ಧನ ದಂತ ದೇವಾಲಯ ಕೆಲವೇ ನಿಮಿಷಗಳ ನಡಿಗೆಯಲ್ಲಿವೆ. ಚೀನೀಯರ ಕೇರಿಯ ನಟ್ಟನಡುವೆ 1827ರ ಮಾರಿಯಮ್ಮ!

ಹೆಚ್ಚಿನವರು ಎಡವುವುದು ಮೆಟ್ರೊ ಗೇಟಿನಲ್ಲಿ. ಒಳಗೆ ಹೋಗುವಾಗ ಬ್ಯಾಂಕ್ ಕಾರ್ಡ್, ಹೊರಗೆ ಬರುವಾಗ ಅದೇ ಕಾರ್ಡ್ ಸೇರಿಸಿರುವ ಫೋನ್ ತೋರಿಸಿದರೆ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಪ್ರಯಾಣದ ಲೆಕ್ಕ ತಪ್ಪುತ್ತದೆ. ದಿನವಿಡೀ ಒಂದನ್ನೇ ಬಳಸಿ, ಒಬ್ಬರಿಗೆ ಒಂದು ಕಾರ್ಡ್. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, ನೀರೂ ಸೇರಿ. ದಂಡ 500 ಸಿಂಗಪುರ ಡಾಲರ್‌ವರೆಗೆ. ಮಧ್ಯಾಹ್ನದ ಮಳೆಗೆ ಕೊಡೆ ಇರಲಿ.